ಇಳಿಯುವವರ ಕೊನೆಯ ತಿಂಗಳು: ಹೆಸರು, ಬಾಕಿ ಕೆಲಸ ಮತ್ತು ಒಂದು ಕಾಲುಸಂಕ

ತೀರ್ಥಹಳ್ಳಿ ಕಡೆಯ ಒಂದು ಗ್ರಾಮ ಪಂಚಾಯ್ತಿ. ಅವಧಿ ಮುಗಿಯಲು ಇನ್ನು ಹತ್ತೇ ದಿನ. ಅಧ್ಯಕ್ಷೆ ಬೆಳಿಗ್ಗೆ ಬೇಗನೇ ಬಂದು ಕೂತಿದ್ದಾರೆ. ಎದುರಿಗೆ ಮಗಳ ಹಳೇ ನೋಟ್‌ಬುಕ್. ಮೊದಲ ನಾಲ್ಕು ಹಾಳೆಯಲ್ಲಿ ಹೂವಿನ ಭಾಗಗಳ ಚಿತ್ರ, ವಿಜ್ಞಾನದ ಪ್ರಶ್ನೋತ್ತರ. ಐದನೆಯದರಿಂದ ಊರಿನ ಕೆಲಸದ ಪಟ್ಟಿ. ಮುಗಿದ ಕೆಲಸಕ್ಕೆಲ್ಲ ಗೆರೆ ಎಳೆದಿದ್ದಾರೆ. ಗೆರೆ ಬೀಳದ ಸಾಲು ಏಳೆಂಟು ಇವೆ. ಅದರಲ್ಲಿ ಒಂದಕ್ಕೆ ಸುತ್ತು ಹಾಕಿ ಹಾಕಿ ಹಾಳೆ ತೂತಾಗುವುದೊಂದು ಬಾಕಿ. 'ಶಾಲೆ ದಾರಿ ಕಾಲುಸಂಕ' ಅಂತ ಬರೆದಿದೆ.

ಬಯಲುಸೀಮೆಯವರಿಗಾಗಿ ಒಂದು ಮಾತು. ಕಾಲುಸಂಕ ಅಂದರೆ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರ ಹಾಕಿ, ಕೈಗೆ ಆಸರೆಯಾಗಿ ಬಿದಿರು ಕಟ್ಟಿ ಮಾಡಿಕೊಂಡ ದಾರಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹಳ್ಳ ಉಕ್ಕಿದರೆ ಮರದ ಸಮೇತ ಹೋಗುತ್ತದೆ.

"ಮೂವತ್ತು ತಿಂಗಳಲ್ಲಿ ಕಾಂಕ್ರೀಟ್ ರಸ್ತೆ ಎಷ್ಟೋ ಆಯ್ತು ಮಾರಾಯ್ರೆ, ಇದೊಂದು ಆಗ್ಲಿಲ್ಲ. ನಾಳೆ ಜನ ನನ್ನ ನೆನೆಯೋದು ಇದಕ್ಕೇ" ಅಂದರು ಅಧ್ಯಕ್ಷೆ. ಪಿಡಿಒ ಕಂಪ್ಯೂಟರ್‌ನಿಂದ ತಲೆ ಎತ್ತದೆ, "ಠರಾವು ಆಗಿದೆಯಲ್ಲ ಮೇಡಂ" ಅಂದರು.

ಅಧಿಕಾರ ಬಿಡುವವರ ಮನಸ್ಸಿನಲ್ಲಿ ಓಡುವುದು ಹೆಚ್ಚುಕಡಿಮೆ ಈ ಎರಡೇ. ಜನ ನನ್ನನ್ನು ಯಾವುದಕ್ಕೆ ನೆನೆಯುತ್ತಾರೆ? ಕೈಯಲ್ಲಿ ಉಳಿದ ಕೆಲಸ ಎಲ್ಲಿಯವರೆಗೆ ಬಂದಿದೆ? ಪಂಚಾಯ್ತಿ ಅಧ್ಯಕ್ಷೆಗೂ ಇದೇ, ಮುಖ್ಯಮಂತ್ರಿಗೂ ಇದೇ. ಇದೆಲ್ಲ ಹೇಗೆ ನಡೆಯುತ್ತದೆ ಅಂತ ನೋಡಲು ನಮಗೆ ದೂರ ಹೋಗಬೇಕಿಲ್ಲ. ಕಡಿದಾಳು ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ, ಹೀಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಶಿವಮೊಗ್ಗ. ಪಟೇಲರ ಲೆಕ್ಕ ಮಾತ್ರ ಸ್ವಲ್ಪ ತಮಾಷೆ. 1997ರಲ್ಲಿ ಅವರೇ ಹೊಸ ಜಿಲ್ಲೆಗಳನ್ನು ಮಾಡಿದಾಗ ಅವರ ಸ್ವಂತ ತಾಲ್ಲೂಕು ಚನ್ನಗಿರಿ ದಾವಣಗೆರೆಗೆ ಹೋಯಿತು.

'ಲೆಗಸಿ' ಅಂದರೆ ಏನು?

ಟಿವಿ ಚರ್ಚೆಯಲ್ಲಿ ಲೆಗಸಿ, ಲೆಗಸಿ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಅಳತೆಗೆ ಸರಿಯಾದ ಒಂದು ಪದ ಸಿಗುವುದಿಲ್ಲ. 'ಪರಂಪರೆ' ಅಂದರೆ ಬೇರೆಯೇ ಅರ್ಥ ಬರುತ್ತದೆ. ಊರಲ್ಲಿ 'ಹೆಸರು ಉಳಿಯೋದು' ಅನ್ನುತ್ತೇವಲ್ಲ, ಅದೇ ಹತ್ತಿರದ್ದು. ಮನುಷ್ಯ ಕುರ್ಚಿಯಿಂದ ಎದ್ದು ಹೋದ ಮೇಲೂ ಅವನು ಮಾಡಿದ್ದು ಜನರ ಬದುಕಿನಲ್ಲಿ ಓಡಾಡಿಕೊಂಡಿದ್ದರೆ ಅದು ಲೆಗಸಿ.

ಶಿವಮೊಗ್ಗದಲ್ಲಿ ಇದಕ್ಕೆ ಕಣ್ಣೆದುರಿಗೇ ಉದಾಹರಣೆ ಇದೆ. ಪೇಟೆಯ ನಡುವೆ ಶಿವಪ್ಪನಾಯಕನ ಅರಮನೆ ಅಂತ ಒಂದು ಕಟ್ಟಡ. ಹೆಸರೇನೋ ಕೆಳದಿಯ ಶಿವಪ್ಪನಾಯಕನದ್ದು, ಕಟ್ಟಡ ಮಾತ್ರ ಹೈದರಾಲಿಯ ಕಾಲದ್ದು ಅನ್ನುತ್ತಾರೆ. ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ, ಹೈದರನಿಗಿಂತ ನೂರು ವರ್ಷ ಮುಂಚೆ. ಆತ ನಿಜವಾಗಿ ಬಿಟ್ಟುಹೋಗಿದ್ದು ಒಂದು ಲೆಕ್ಕ. ಯಾವ ನೆಲ ಎಂಥದ್ದು, ಎಷ್ಟು ಬೆಳೆಯುತ್ತದೆ ಅಂತ ನೋಡಿ ಕಂದಾಯ ಕಟ್ಟಿದ. ಅದೇ 'ಶಿವಪ್ಪನಾಯಕನ ಶಿಸ್ತು'. ಮುಂದೆ ಬಂದ ಆಳರಸರೂ ಬ್ರಿಟಿಷರೂ ಕಂದಾಯದ ಮಾತು ಬಂದಾಗ ಆ ಲೆಕ್ಕವನ್ನು ತಿರುವಿ ನೋಡಬೇಕಾಯಿತು.

ಬಾಕಿ ಕೆಲಸ ಅಂದರೆ ಎಲ್ಲರಿಗೂ ಗೊತ್ತು. ಆದರೆ ಬಾಕಿಯಲ್ಲೂ ಬಗೆಗಳಿವೆ. ಅದಕ್ಕೆ ಆಮೇಲೆ ಬರೋಣ.

ಕೊನೆಯ ದಿನಗಳಲ್ಲಿ ಕೈ ಯಾಕೆ ಕಟ್ಟಿಹೋಗುತ್ತದೆ?

ಅಡಿಕೆ ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವುದು ನಮ್ಮ ಕಡೆ ಮಾಮೂಲಿ. ಚೇಣಿ ಹಿಡಿದವನು ಫಸಲು ಕೊಯ್ದುಕೊಳ್ಳುತ್ತಾನೆ. ಮುಂದಿನ ವರ್ಷ ತೋಟ ತನ್ನ ಕೈಯಲ್ಲಿ ಇರುವುದಿಲ್ಲ ಅಂತ ಗೊತ್ತಿದ್ದರೆ ಬುಡಕ್ಕೆ ಸೊಪ್ಪು ಹಾಕುತ್ತಾನಾ? ನೀರು ಬಸಿಯುವ ಕಪ್ಪು (ಕಾಲುವೆ) ಬಿಡಿಸುತ್ತಾನಾ? ಕೆಲಸದಾಳುಗಳೂ ಅಷ್ಟೇ, ಮುಂದಿನ ಚೇಣಿದಾರ ಯಾರು ಅಂತ ಕಿವಿ ನಿಮಿರಿಸಿಕೊಂಡಿರುತ್ತಾರೆ.

ಸರ್ಕಾರದಲ್ಲೂ ಹೀಗೇ ಆಗುತ್ತದೆ. ಹೋಗುವ ಮಂತ್ರಿ ಕಡತ ಕೇಳಿದರೆ 'ನೋಡೋಣ ಸಾರ್' ಅನ್ನುವ ಉತ್ತರ ಜಾಸ್ತಿಯಾಗುತ್ತದೆ. ಅಮೆರಿಕದಲ್ಲಿ ಇಂಥವರಿಗೆ 'ಕುಂಟು ಬಾತುಕೋಳಿ' ಅಂತಲೇ ಹೆಸರಿದೆ. ಅಲ್ಲಿ ಚುನಾವಣೆ ನವೆಂಬರ್‌ನಲ್ಲಿ, ಹೊಸ ಅಧ್ಯಕ್ಷರು ಬರುವುದು ಜನವರಿ 20ಕ್ಕೆ. ನಡುವಿನ ಎರಡೂವರೆ ತಿಂಗಳು ಹಳಬರಿಗೆ ಕುರ್ಚಿ ಇರುತ್ತದೆ, ಮಾತಿಗೆ ತೂಕ ಇರುವುದಿಲ್ಲ.

ನಮ್ಮಲ್ಲಿ ನಿಯಮಗಳೂ ಕೈ ಕಟ್ಟುತ್ತವೆ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಹೊಸಬರು ಬರುವವರೆಗೆ ಮುಂದುವರಿಯಿರಿ ಅಂತ ರಾಜ್ಯಪಾಲರು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ಹಂಗಾಮಿ. ಮನೆ ಖಾಲಿ ಮಾಡುವ ಬಾಡಿಗೆದಾರರ ಹಾಗೆ: ದೀಪ ಹಚ್ಚಬಹುದು, ಕಸ ಗುಡಿಸಬಹುದು, ಗೋಡೆ ಒಡೆಯುವ ಹಾಗಿಲ್ಲ. ಚುನಾವಣೆ ಘೋಷಣೆಯಾದರೆ ನೀತಿ ಸಂಹಿತೆ ಬರುತ್ತದೆ. ಹೊಸ ಯೋಜನೆ ಇಲ್ಲ, ಶಂಕುಸ್ಥಾಪನೆ ಇಲ್ಲ. ವರ್ಕ್ ಆರ್ಡರ್ ಆಗಿದ್ದರೂ ಜಾಗದಲ್ಲಿ ಕೆಲಸ ಶುರುವಾಗದಿದ್ದರೆ ಶುರು ಮಾಡುವ ಹಾಗಿಲ್ಲ. ಶುರುವಾಗಿದ್ದರೆ ಮುಂದುವರಿಸಬಹುದು. ಚುನಾವಣೆಗೆ ಮುಂಚೆ ಊರೂರಲ್ಲಿ ಗಡಿಬಿಡಿಯ ಗುದ್ದಲಿ ಪೂಜೆ, ಒಂದು ಜೆಸಿಬಿ, ನಾಲ್ಕು ಬುಟ್ಟಿ ಮಣ್ಣು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಸಂವಿಧಾನದ 196ನೇ ವಿಧಿಯ ಪ್ರಕಾರ, ವಿಧಾನಸಭೆ ವಿಸರ್ಜನೆಯಾದರೆ ಅದರ ಮುಂದೆ ಬಾಕಿ ಇರುವ ಮಸೂದೆಗಳು ಬಿದ್ದುಹೋಗುತ್ತವೆ. ಸಭೆ ಒಪ್ಪಿ ಪರಿಷತ್ತಿನಲ್ಲಿ ನಿಂತಿದ್ದರೂ ಬಿದ್ದುಹೋಗುತ್ತವೆ. ಹೊಸ ಸಭೆ ಬಂದ ಮೇಲೆ ಮೊದಲಿನಿಂದ ಶುರು.

ಬಾಕಿ ಕೆಲಸ ಎಲ್ಲಿಗೆ ಬಂದು ನಿಂತಿದೆ?

ಇಳಿಯುವವರು ನಿಜವಾಗಿ ಯೋಚಿಸಬೇಕಾದ ಪ್ರಶ್ನೆ ಇದು. ಒಂದು ಸೇತುವೆ ಭಾಷಣದಲ್ಲಿ ಹುಟ್ಟಿ ನೆಲಕ್ಕೆ ಇಳಿಯುವವರೆಗೆ ತುಂಬಾ ಬಾಗಿಲು ದಾಟಬೇಕು. ಘೋಷಣೆ ಆಗಬೇಕು. ಬಜೆಟ್‌ನಲ್ಲಿ ಹಣ ಬೇಕು. ಆಡಳಿತಾತ್ಮಕ ಮಂಜೂರಾತಿ ಬೇಕು, ಎಂಜಿನಿಯರ್ ಎಸ್ಟಿಮೇಟ್ ಬೇಕು. ಆಮೇಲೆ ಟೆಂಡರ್, ವರ್ಕ್ ಆರ್ಡರ್, ಕೆಲಸ, ಅಳತೆ ಪುಸ್ತಕ, ಬಿಲ್ಲು.

ಭಾಷಣದಲ್ಲಿ ನಿಂತ ಕೆಲಸವನ್ನು ಹೊಸಬರು ಏನೂ ಮಾಡದೆಯೇ ಕೊಲ್ಲಬಹುದು. ಸುಮ್ನೆ ಇದ್ದರೆ ಸಾಕು. ಟೆಂಡರ್ ಆಗಿ ಕಂಬ ಎದ್ದ ಕೆಲಸ ಹಾಗಲ್ಲ. ಗುತ್ತಿಗೆದಾರ ಕೋರ್ಟಿಗೆ ಹೋಗುತ್ತಾನೆ, ಅರ್ಧ ನಿಂತ ಕಂಬ ದಿನಾ ಜನರಿಗೆ ಕಾಣುತ್ತದೆ, ಶಾಸಕರಿಗೆ ಹೋದಲ್ಲೆಲ್ಲ ಅದೇ ಪ್ರಶ್ನೆ. ನಿಲ್ಲಿಸುವುದಕ್ಕಿಂತ ಮುಗಿಸುವುದೇ ಸುಲಭ ಆಗಿಬಿಡುತ್ತದೆ.

ಆದೇಶ, ಕಾಯ್ದೆ ಇವುಗಳ ಗಟ್ಟಿತನವೂ ಬೇರೆ ಬೇರೆ. ಸರ್ಕಾರಿ ಆದೇಶವನ್ನು ಇನ್ನೊಂದು ಆದೇಶ ಅಳಿಸುತ್ತದೆ. ಕಾಯ್ದೆ ಅಳಿಸಲು ಸದನಕ್ಕೆ ಹೋಗಬೇಕು, ಚರ್ಚೆ ಎದುರಿಸಬೇಕು. ಇವೆರಡಕ್ಕಿಂತ ಗಟ್ಟಿ ಇನ್ನೊಂದಿದೆ. ಅದು ಜನರ ಕೈಗೆ ಸೇರಿದ ಕಾಗದ. ಪಹಣಿಯಲ್ಲಿ ಹೆಸರು ಕೂತ ಮೇಲೆ ಅದನ್ನು ತೆಗೆಯುವ ಧೈರ್ಯ ಯಾವ ಸರ್ಕಾರಕ್ಕೂ ಸುಲಭಕ್ಕೆ ಬರುವುದಿಲ್ಲ. ಈ ಮಾತು ಅರ್ಥ ಆಗಬೇಕಾದರೆ ಸಾಗರ ತಾಲ್ಲೂಕಿಗೆ ಹೋಗಬೇಕು.

ಕಾಗೋಡಿನ ಕೊಳಗದಿಂದ ಫಾರಂ ಏಳರವರೆಗೆ

1951ರ ಏಪ್ರಿಲ್. ಕಾಗೋಡಿನಲ್ಲಿ ಗೇಣಿದಾರರು, ಅಂದರೆ ಒಡೆಯರ ನೆಲ ಉಳುತ್ತಿದ್ದವರು, ಎದ್ದು ನಿಂತರು. ಜಗಳ ಶುರುವಾಗಿದ್ದು ಕೊಳಗದಿಂದ. ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಗೇಣಿ ಭತ್ತ ಅಳೆಯುವಾಗ ಒಡೆಯರ ಕೊಳಗ ದೊಡ್ಡದಾಗಿರುತ್ತಿತ್ತು. ಎಚ್. ಗಣಪತಿಯಪ್ಪ ಮುಂದೆ ನಿಂತರು. ಸಮಾಜವಾದಿಗಳು ಜೊತೆಗೆ ಬಂದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಂದ ಬೆಳೆದು ಬಂದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಹೋದರು. 'ಉಳುವವನೇ ಹೊಲದೊಡೆಯ' ಅನ್ನುವುದು ಸದನದಲ್ಲಿ ಅವರ ನಿತ್ಯದ ಮಾತಾಯಿತು.

ಅದೇ ಕಾಲದಲ್ಲಿ ಆಡಳಿತ ಪಕ್ಷದಲ್ಲಿ ತೀರ್ಥಹಳ್ಳಿಯ ಕಡಿದಾಳು ಮಂಜಪ್ಪ ಇದ್ದರು. ಅವರು ಮುಖ್ಯಮಂತ್ರಿ ಆಗಿದ್ದು 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಮಾತ್ರ. ನವೆಂಬರ್ 1ಕ್ಕೆ ಹೊಸ ಮೈಸೂರು ರಾಜ್ಯ ಬರುವುದಿತ್ತು, ಅದರ ಜೊತೆ ಹೊಸ ಸರ್ಕಾರವೂ. ಎರಡೂವರೆ ತಿಂಗಳಲ್ಲಿ ಯಾರಾದರೂ ಏನು ಮಾಡಲಿಕ್ಕಾಗುತ್ತದೆ? ಆದರೆ ಅವರ ಮನಸ್ಸಿನಲ್ಲಿದ್ದ ಕೆಲಸ ಕುರ್ಚಿಯ ಜೊತೆ ಮುಗಿಯಲಿಲ್ಲ. ಕಂದಾಯ ಸಚಿವರಾಗಿ ಅದನ್ನೇ ಹಿಡಿದುಕೊಂಡರು. 1961ರಲ್ಲಿ ಭೂಸುಧಾರಣೆ ಕಾಯ್ದೆಗೆ ಸದನ ಒಪ್ಪಿತು. ಜಾರಿಗೆ ಬಂದಿದ್ದು 1965ರಲ್ಲಿ. ಅಷ್ಟೊತ್ತಿಗೆ ಒಡೆಯರು ತಪ್ಪಿಸಿಕೊಳ್ಳಲು ಬೇಕಾದಷ್ಟು ಸಂದುಗಳನ್ನು ಹುಡುಕಿಕೊಂಡಿದ್ದರು. ಸ್ವಂತ ಸಾಗುವಳಿಗೆ ಬೇಕು ಅಂತ ಗೇಣಿದಾರರಿಂದ ಭೂಮಿ ವಾಪಸ್ ಕೇಳುವ ಅವಕಾಶವೂ ಕಾಯ್ದೆಯಲ್ಲೇ ಇತ್ತು. ಬಾಗಿಲು ಇತ್ತು, ಪೂರ್ತಿ ತೆರೆದಿರಲಿಲ್ಲ.

ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ. ಅವರು ಯಾವತ್ತೂ ಮಂತ್ರಿ ಆಗಲಿಲ್ಲ. ಎರಡು ವರ್ಷದೊಳಗೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿಯೇ ಹೋಯಿತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುವವರು ಫಾರಂ ನಂಬರ್ ಏಳರಲ್ಲಿ ಅರ್ಜಿ (ಊರವರ ಬಾಯಲ್ಲಿ 'ಡಿಕ್ಲರೇಷನ್') ಹಾಕಿ, ಭೂ ನ್ಯಾಯ ಮಂಡಳಿ ಮುಂದೆ ನಿಂತು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಮಲೆನಾಡಿನ ಹಿರಿಯರು ಇವತ್ತಿಗೂ 'ಡಿಕ್ಲರೇಷನ್ ಹಾಕಿದ ವರ್ಷ' ಅಂತ ಕಾಲ ಲೆಕ್ಕ ಹಿಡಿಯುತ್ತಾರೆ.

ಈ ಕಥೆಯಲ್ಲಿ ಕೆಲಸ ಯಾರದ್ದು ಅನ್ನೋಣ? ಕೊಳಗದ ಜಗಳ ಎತ್ತಿದವರದ್ದಾ, ಅರೆಬರೆ ಕಾಯ್ದೆ ತಂದವರದ್ದಾ, ಕೂಗಿ ಕೂಗಿ ಹೋದವರದ್ದಾ, ಮುಗಿಸಿದವರದ್ದಾ? ಜನ ಅರಸರ ಫೋಟೋ ಹಾಕುತ್ತಾರೆ, ಅದು ನ್ಯಾಯವೇ. ಆದರೆ ಒಬ್ಬರು ಬಿಟ್ಟ ಬಾಕಿಯನ್ನು ಇನ್ನೊಬ್ಬರು ಎತ್ತಿಕೊಳ್ಳುವಂತೆ ಇಟ್ಟಿದ್ದರಿಂದಲೇ ಇದು ದಡ ಸೇರಿತು. 1961ರ ಕಾಯ್ದೆ ಇರದಿದ್ದರೆ 1974ರಲ್ಲಿ ತಿದ್ದಲು ಏನಿತ್ತು? ಅರಸರು 1980ರ ಜನವರಿಯಲ್ಲಿ ಇಳಿದರು. ಆಮೇಲೆ ಎಷ್ಟೋ ಸರ್ಕಾರಗಳು ಬಂದವು. ಪಹಣಿಗೆ ಏರಿದ ಹೆಸರುಗಳನ್ನು ಯಾರೂ ಮುಟ್ಟಲಿಲ್ಲ.

ಮುಗಿಸಲು ತಾವೇ ವಾಪಸ್ ಬಂದರೆ?

ಸರ್ ಎಂ. ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ಮೈಸೂರಿನ ದಿವಾನರು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಅವರ ಕನಸು. ಅದಿರು ಬಾಬಾಬುಡನ್‌ಗಿರಿ ಕಡೆಯ ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಆದರೆ ಕಾರ್ಖಾನೆ ಏಳುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಜಾಗ ಕಾಯ್ದಿಡಬೇಕು ಅನ್ನುವ ಮಹಾರಾಜರ ನಿಲುವು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅವರ ಹೆಸರಿನ ಲೆಕ್ಕ ಬರೆಯುವಾಗ ಇದನ್ನೂ ಬರೆಯಬೇಕಾಗುತ್ತದೆ.

ಕಾರ್ಖಾನೆ 1923ರಲ್ಲಿ ಶುರುವಾಯಿತು. ಮೊದಮೊದಲು ನಷ್ಟ. ಆಗ ಅದೇ ವಿಶ್ವೇಶ್ವರಯ್ಯನವರನ್ನು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆದರು. 1929ರವರೆಗೆ ಇದ್ದು ಕಾರ್ಖಾನೆಯನ್ನು ದಾರಿಗೆ ತಂದರು. ರಾಜ್ಯ ಆಳಿದವರು ಒಂದು ಕಾರ್ಖಾನೆಯ ಲೆಕ್ಕ ಪುಸ್ತಕದ ಮುಂದೆ ಕೂರುವುದು ಸಣ್ಣ ವಿಷಯ ಅಲ್ಲ. ಇಳಿದವರು ವಾಪಸ್ ಬಂದರೆ ಹೊಸಬರ ಕೆಲಸದಲ್ಲಿ ಕೈ ಹಾಕುವುದೇ ಜಾಸ್ತಿ. ಇವರು ಒಂದೇ ಕೆಲಸಕ್ಕೆ ಬಂದರು, ಅದನ್ನು ಮಾಡಿ ಹೋದರು.

ಮುಂದೆ ಕಾರ್ಖಾನೆಗೆ ಅವರದ್ದೇ ಹೆಸರು ಬಂತು. ಶುರುವಾಗಿ ನೂರು ವರ್ಷ ತುಂಬಿದ ಹೊತ್ತಿಗೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಬಂತು. ಕಾರ್ಮಿಕರು ಬೀದಿಗೆ ಇಳಿದರು.

ಫಲಕದ ಮೇಲೆ ಯಾರ ಹೆಸರು?

ಐದು ವರ್ಷದ ಅಧಿಕಾರ, ಅಡಿಕೆ ಸಸಿಯ ಲೆಕ್ಕ. ಗೆದ್ದ ವರ್ಷವೇ ನೆಟ್ಟರೂ ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಕೊಯ್ಯುವವರು ಬೇರೆಯವರಾಗಿರುತ್ತಾರೆ.

ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆಯನ್ನೇ ನೋಡಿ. ಶರಾವತಿ ಹಿನ್ನೀರಿನ ಆಚೆಯವರು ದಶಕಗಟ್ಟಲೆ ಲಾಂಚ್ ಕಾದರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಸುತ್ತುದಾರಿಯೇ ಗತಿ. ಸೇತುವೆಗೆ ಶಂಕುಸ್ಥಾಪನೆ ಆಗಿದ್ದು 2018ರಲ್ಲಿ, ಉದ್ಘಾಟನೆ 2025ರ ಜುಲೈನಲ್ಲಿ. ಶುರುವಿನಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿ, ಕೊನೆಯಲ್ಲೂ ಅವರೇ. ನಡುವೆ ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ ಬಂದು ಹೋದರು. ಹಣ ಕೇಂದ್ರದ್ದು. ಲಾಂಚಿನ ಕ್ಯೂನಲ್ಲಿ ನಿಂತು ನಿಂತು ಕಾಲು ಸೋತ ಅಜ್ಜಿಗೆ ಈ ಲೆಕ್ಕ ಯಾವುದೂ ಬೇಕಿಲ್ಲ.

ಯಡಿಯೂರಪ್ಪ 2021ರ ಜುಲೈ 26ರಂದು, ಸರ್ಕಾರದ ಎರಡನೇ ವರ್ಷದ ಸಮಾರಂಭದ ವೇದಿಕೆಯಲ್ಲೇ ರಾಜೀನಾಮೆ ಘೋಷಿಸಿದರು. ಕಣ್ಣೀರು ಬಂತು. ಆಗ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಅರ್ಧಕ್ಕೆ ನಿಂತಿತ್ತು ಅನ್ನುವಂತಿಲ್ಲ. 2020ರಲ್ಲಿ ಮತ್ತೆ ಶುರುವಾದ ಕಾಮಗಾರಿ ನಡೆಯುತ್ತಲೇ ಇತ್ತು. 2022ರಲ್ಲಿ ನಿಲ್ದಾಣಕ್ಕೆ ಅವರ ಹೆಸರನ್ನೇ ಇಡುವ ಮಾತು ಬಂದಾಗ, ಬೇಡ ಅಂತ ಅವರೇ ಪತ್ರ ಬರೆದರು. ಕೊನೆಗೆ ಕುವೆಂಪು ಹೆಸರು ಬಂತು. 2023ರ ಫೆಬ್ರುವರಿ 27ರಂದು, ಯಡಿಯೂರಪ್ಪನವರ 80ನೇ ಹುಟ್ಟುಹಬ್ಬದ ದಿನ, ಪ್ರಧಾನಿ ಬಂದು ಉದ್ಘಾಟಿಸಿದರು. ಪ್ರಯಾಣಿಕರ ವಿಮಾನ ಇಳಿದಿದ್ದು ಆಗಸ್ಟ್ 31ಕ್ಕೆ. ಆ ವೇಳೆಗೆ ಬೆಂಗಳೂರಿನಲ್ಲಿ ಸರ್ಕಾರವೇ ಬೇರೆ. ಆದರೂ ರನ್‌ವೇ ಅಲ್ಲೇ ಇತ್ತಲ್ಲ, ವಿಮಾನ ಬಂತು.

ಕೈ ತಪ್ಪಿದ ಹದಿನಾರು ವರ್ಷ

ಎಲ್ಲ ಬಾಕಿಗೂ ಹೀಗೆ ದಡ ಸಿಗುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಸಾಗರ, ಹೊಸನಗರದ ಮನೆ-ತೋಟಗಳು ಮುಳುಗಿದವು. ಎದ್ದು ಬಂದ ಕುಟುಂಬಗಳಲ್ಲಿ ಅನೇಕರು ಕಾಡಿನ ನೆಲದಲ್ಲಿ ನೆಲೆ ನಿಂತರು. ನೆಲ ತೋರಿಸಿದ್ದೇನೋ ಆಯಿತು, ದಾಖಲೆ ಸರಿಯಾಗಿ ಆಗಲಿಲ್ಲ. 'ಮುಂದೆ ನೋಡೋಣ' ಅನ್ನುವ ಮಾತಿನಲ್ಲಿ ಉಳಿಯಿತು.

1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕಾಡಿನ ಜಾಗವನ್ನು ಬೇರೆ ಉಪಯೋಗಕ್ಕೆ ಕೊಡಬೇಕಾದರೆ ರಾಜ್ಯಕ್ಕೆ ಕೇಂದ್ರದ ಅನುಮತಿ ಬೇಕು. ಅಂದರೆ 1964ರಿಂದ 1980ರವರೆಗೆ, ಹದಿನಾರು ವರ್ಷ, ಬೆಂಗಳೂರಿನಲ್ಲೇ ಮುಗಿಸಬಹುದಾಗಿದ್ದ ಕೆಲಸ ಆಮೇಲೆ ದೆಹಲಿಯ ಬಾಗಿಲಿಗೆ ಹೋಯಿತು. ನಂತರದ ಸರ್ಕಾರಗಳು ಆದೇಶ ಮಾಡಿ ಜಾಗ ಬಿಡಿಸಿ ಕೊಟ್ಟವು. ಕೇಂದ್ರದ ಅನುಮತಿ ಇರಲಿಲ್ಲ ಅಂತ ಹೈಕೋರ್ಟ್ ಆ ಆದೇಶಗಳನ್ನು 2021ರಲ್ಲಿ ರದ್ದು ಮಾಡಿತು. ಹಕ್ಕುಪತ್ರ ಹಿಡಿದು ನಿಂತವರ ಕೈಯಲ್ಲಿ ಮತ್ತೆ ಬರೀ ಕಾಗದ.

ಮೇಲೆ ಹೇಳಿದ್ದು ನೆನಪಿರಲಿ: ಜನರ ಕೈಗೆ ಸೇರಿದ ಕಾಗದ ಗಟ್ಟಿ. ಆದರೆ ಅದರ ಬುಡದಲ್ಲಿ ಕಾಯ್ದೆ ಇರಬೇಕು. 1974ರ ಪಹಣಿಗೆ ಇತ್ತು, ಈ ಹಕ್ಕುಪತ್ರಗಳಿಗೆ ಇರಲಿಲ್ಲ.

ಚಾರ್ಜ್ ಕೊಡುವ ದಿನ

1989ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಇಳಿಯುವಾಗ, ಮುಂದೆ ಬರುವ ಬುಷ್ ಅವರಿಗೆ ಮೇಜಿನಲ್ಲಿ ಒಂದು ಚೀಟಿ ಬರೆದಿಟ್ಟು ಹೋದರು. ಆಮೇಲೆ ಅದೇ ಪದ್ಧತಿಯಾಯಿತು. ನಮ್ಮಲ್ಲಿ ಹೊಸ ಸರ್ಕಾರ ಬಂದ ಮೊದಲ ವಾರದ ಸುದ್ದಿ ಅಂದರೆ 'ಹಿಂದಿನವರ ಟೆಂಡರ್‌ಗಳಿಗೆ ತಡೆ'. ಕೆಲವು ಸಲ ಅದಕ್ಕೆ ಸಕಾರಣವೂ ಇರುತ್ತದೆ. ಕೊನೆಯ ವಾರ ಅವಸರದಲ್ಲಿ ಸಹಿ ಬಿದ್ದ ಕಡತಗಳನ್ನು ಮತ್ತೊಮ್ಮೆ ನೋಡಬೇಕು ಅಂದರೆ ತಪ್ಪೇನಿಲ್ಲ.

ನಮ್ಮ ಅಧ್ಯಕ್ಷೆ ಕೊನೆಯ ಸಭೆಯಲ್ಲಿ ಒಂದು ಕೆಲಸ ಮಾಡಿದರು. ಕಾಲುಸಂಕದ್ದು ಅಲ್ಲಿಯವರೆಗೆ ಬರೀ ಠರಾವು. ಅದಕ್ಕೆ ಹಣ ಇಲ್ಲ, ಎಸ್ಟಿಮೇಟ್ ಇಲ್ಲ. ಎಂಜಿನಿಯರ್‌ಗೆ ಮೂರು ಸಲ ಫೋನ್ ಮಾಡಿ ಹಳ್ಳಕ್ಕೆ ಕರೆಸಿ, ಅಳತೆ ಹಿಡಿಸಿ ಎಸ್ಟಿಮೇಟ್ ಮಾಡಿಸಿದರು. ಆಮೇಲೆ ಮುಂದಿನ ವರ್ಷದ ಕ್ರಿಯಾ ಯೋಜನೆಯ ಮೊದಲ ಸಾಲಿಗೆ ಅದನ್ನು ಸೇರಿಸಿದರು. ಕಟ್ಟಿಸಲು ಆಗಲಿಲ್ಲ. ಆದರೆ ಹೊಸಬರು ಬಂದು ಪುಸ್ತಕ ತೆರೆದರೆ ಮೊದಲು ಕಾಣುವುದು ಅದೇ. ತೆಗೆಯಬೇಕಾದರೆ ಸಭೆಯಲ್ಲಿ ಬಾಯಿಬಿಟ್ಟು ಹೇಳಿ ತೆಗೆಯಬೇಕು.

ಕೊನೆಯ ದಿನ ಸಂಜೆ ನೋಟ್‌ಬುಕ್ಕಿನ ಮೊದಲ ನಾಲ್ಕು ಹಾಳೆ ಹರಿದು ಬ್ಯಾಗಿಗೆ ಹಾಕಿಕೊಂಡರು. ಉಳಿದದ್ದನ್ನು ಪಿಡಿಒ ಮೇಜಿನ ಮೇಲೆ ಇಟ್ಟು, "ಯಾರೇ ಬರ್ಲಿ, ಕೊಡಿ" ಅಂದರು.

ಪಿಡಿಒ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಕ್ಕೂ ಇನ್‌ವರ್ಡ್ ನಂಬರ್ ಹಾಕ್ಬೇಕಾ ಮೇಡಂ?"

"ಹಾಕಿ" ಅಂದರು. "ನಂಬರ್ ಬಿದ್ರೆ ಕಳೆಯೋದಿಲ್ಲ."